ಒಂದೇ ತಿರುಪಿಗೆ ನೇತುಬಿದ್ದ ಕ್ಯಾಮೆರಾ: ಗ್ರಿಪ್ ಕೊಳ್ಳುವವರಿಗೊಂದು ಎಚ್ಚರಿಕೆ

ಲೆನ್ಸ್ ಬದಲಿಸಬಹುದಾದ ಚಿಕ್ಕ ಕ್ಯಾಮೆರಾಕ್ಕೆ ದೂರದ್ದನ್ನು ಹತ್ತಿರ ತೋರಿಸುವ ಉದ್ದನೆಯ ಟೆಲಿ ಜೂಮ್ ಹಾಕಿ, ಹಿಡಿತ ಸಾಲದೆಂದು ಅಡಿಗೆ ಗ್ರಿಪ್ (ತಿರುಪಿನಿಂದ ಸೇರುವ ಹಿಡಿ) ಬಿಗಿದು, ಆ ಗ್ರಿಪ್ಪಿಗೇ ಪಟ್ಟಿ ಸಿಕ್ಕಿಸಿ ಹೆಗಲಿಗೆ ನೇತುಹಾಕಿಕೊಳ್ಳುವ ಆಲೋಚನೆಯಲ್ಲಿರುವವರು ದಯವಿಟ್ಟು ಹಾಗೆ ಮಾಡಬೇಡಿ. ನಾನು ಮಾಡಿದೆ. ಕಳೆದ ಫೆಬ್ರವರಿಯಲ್ಲಿ ರಂಗನತಿಟ್ಟಿನ ದೋಣಿಯೊಳಗೆ ನನ್ನ ಕ್ಯಾಮೆರಾ ಕಳಚಿ ಬಿತ್ತು.

ನನ್ನದು ಮೈಕ್ರೋ ಫೋರ್ ಥರ್ಡ್ಸ್ ಎಂಬ, ಚಿಕ್ಕ ಸೆನ್ಸರಿನ ಬಗೆಯ ಕ್ಯಾಮೆರಾಗಳಲ್ಲಿ ಅತಿ ಚಿಕ್ಕದೊಂದು. ಬ್ಯಾಟರಿ, ಕಾರ್ಡ್ ಸೇರಿ 204 ಗ್ರಾಂ ತೂಕ, 55 ಮಿ.ಮೀ. ಎತ್ತರ. ಜೊತೆಗೆ ಬಂದ 12–32 ಮಿ.ಮೀ. ಜೂಮ್ (ಈ ಅಂಕಿ ದೊಡ್ಡದಾದಷ್ಟೂ ದೂರದ್ದು ಹತ್ತಿರ ಕಾಣುತ್ತದೆ) 70 ಗ್ರಾಂ. ಈ ಜೋಡಿ ಮೂರು ವರ್ಷ ನನಗೆ ಯಾವ ಕೊರತೆಯನ್ನೂ ಮಾಡಲಿಲ್ಲ. ಹಕ್ಕಿಗಳ ಆಸಕ್ತಿ ಬೆಳೆದ ಮೇಲೆ 100–300 ಮಿ.ಮೀ. ಜೂಮ್ ಕೊಂಡೆ. ಚಿತ್ರ ಹಿಡಿಯುವ ಸೆನ್ಸರಿನ ಅಳತೆ 17.3 × 13 ಮಿ.ಮೀ. ಮಾತ್ರವಾದ್ದರಿಂದ 300 ಮಿ.ಮೀ. ಲೆನ್ಸು, ಸುಮಾರು ಎರಡು ಪಟ್ಟು ಅಗಲದ ಸೆನ್ಸರಿರುವ ಫುಲ್ ಫ್ರೇಮ್ ಕ್ಯಾಮೆರಾದ 600 ಮಿ.ಮೀ. ಲೆನ್ಸಿನಷ್ಟು ಹತ್ತಿರ ತೋರಿಸುತ್ತದೆ ಎಂಬ ಲೆಕ್ಕ ನನ್ನನ್ನು ಸೆಳೆದಿತ್ತು. ಲೆಕ್ಕವೇನೋ ಸರಿ. ಆದರೆ ಆ ಲೆನ್ಸಿನ ತೂಕ 520 ಗ್ರಾಂ, ಅಂದರೆ ಕ್ಯಾಮೆರಾದ ಎರಡೂವರೆ ಪಟ್ಟು. ಅದನ್ನು ಟ್ರೈಪಾಡಿಗೆ ಕೂರಿಸಲು ಲೆನ್ಸಿನ ಸುತ್ತ ಬರುವ ಬಳೆಯೂ ಇಲ್ಲ. ಮೌಂಟ್, ಅಂದರೆ ಲೆನ್ಸು ಕ್ಯಾಮೆರಾಕ್ಕೆ ಸೇರುವ ಲೋಹದ ಬಳೆ, ಒಂದೇ ಆದ ಮಾತ್ರಕ್ಕೆ ಲೆನ್ಸ್ ಆ ಕ್ಯಾಮೆರಾಕ್ಕೆ ಹೊಂದುತ್ತದೆ ಎಂದು ನಂಬಿದ್ದೆ.

ಮೊದಲ ದಿನವೇ ತೊಂದರೆ ಕಾಣಿಸಿತು. ಈ ಕ್ಯಾಮೆರಾದಲ್ಲಿ ವ್ಯೂಫೈಂಡರ್ (ಕಣ್ಣಿಟ್ಟು ನೋಡುವ ಕಿಂಡಿ) ಇಲ್ಲ. ವ್ಯೂಫೈಂಡರಿಗೆ ಕಣ್ಣು ಒತ್ತಿ ನೋಡುವಾಗ ಎರಡು ಕೈಗಳ ಜೊತೆಗೆ ಮುಖವೂ ಮೂರನೆಯ ಆಧಾರವಾಗುತ್ತದೆ. ಇಲ್ಲಿ ಮುಕ್ಕಾಲು ಕಿಲೋ ಭಾರವನ್ನು ಮುಂದಕ್ಕೆ ಚಾಚಿ ಹಿಡಿದು, ಬಿಸಿಲಿಗೆ ಮಂಕಾದ ಪರದೆಯಲ್ಲಿ ಹಾರುವ ಹಕ್ಕಿಯನ್ನು ಹುಡುಕಬೇಕು. ಬೆಳಕಿಗೆ ತೆರೆದು ಮುಚ್ಚುವ ಯಾಂತ್ರಿಕ ಶಟರಿನ ಗರಿಷ್ಠ ವೇಗವೂ 1/500 ಸೆಕೆಂಡು. ಅದಕ್ಕಿಂತ ವೇಗ ಬೇಕೆಂದರೆ ಎಲೆಕ್ಟ್ರಾನಿಕ್ ಶಟರ್ ಬಳಸಬೇಕು. ಅದು ಚಿತ್ರವನ್ನು ಸಾಲು ಸಾಲಾಗಿ ಓದುವುದರಿಂದ ಬೀಸುವ ರೆಕ್ಕೆಗಳು ಸೊಟ್ಟಗೆ ಮೂಡುತ್ತವೆ. ಇವೆಲ್ಲ ಕೊಳ್ಳುವ ಮೊದಲೇ ಓದಿ ತಿಳಿಯಬಹುದಾಗಿದ್ದ ಸಂಗತಿಗಳು.

ನಾನು ಲೆನ್ಸನ್ನು ಹಿಂತಿರುಗಿಸುವ ಬದಲು ಗ್ರಿಪ್ ಹುಡುಕಲು ಹೊರಟೆ. ಕ್ಯಾಮೆರಾ ತಯಾರಕರದಲ್ಲದ, ಅಗ್ಗದ ಲೋಹದ ಗ್ರಿಪ್ ಅದು. ಯಾವ ಲೆನ್ಸಿನೊಂದಿಗೂ ಬಳಸಬಹುದು ಎಂದು ಮಾರಿದವರು ಭರವಸೆ ಕೊಟ್ಟಿದ್ದರು. ಬೆರಳುಗಳಿಗೆ ಹಿಡಿತ ನಿಜಕ್ಕೂ ಚೆನ್ನಾಗಿ ಸಿಕ್ಕಿತು, ಅದನ್ನು ಅಲ್ಲಗಳೆಯಲಾರೆ. ಆದರೆ ಅದರ ತಳದ ಫಲಕ ಬ್ಯಾಟರಿಯ ಬಾಗಿಲನ್ನು ಪೂರ್ತಿ ಮುಚ್ಚುತ್ತಿತ್ತು. ಚಿಕ್ಕ ಬ್ಯಾಟರಿಯಾದ್ದರಿಂದ ದಿನಕ್ಕೆ ಮೂರು ಬಾರಿಯಾದರೂ ತಿರುಪು ಬಿಚ್ಚಿ, ನಾಣ್ಯದಿಂದ ಮತ್ತೆ ಬಿಗಿಯುತ್ತಿದ್ದೆ. ಸಾಲದೆಂಬಂತೆ, 73 ಮಿ.ಮೀ.ಗೂ ಹೆಚ್ಚು ವ್ಯಾಸದ ಲೆನ್ಸು ಕ್ಯಾಮೆರಾದ ತಳಕ್ಕಿಂತ ಕೆಳಗೆ ಇಳಿಯುವುದರಿಂದ ಜೂಮಿನ ಉಂಗುರ ಫಲಕದ ಅಂಚಿಗೆ ಉಜ್ಜುತ್ತಿತ್ತು. ಅದನ್ನು ತಪ್ಪಿಸಲು ಕ್ಯಾಮೆರಾ ಮತ್ತು ಫಲಕದ ನಡುವೆ ಒಂದು ರಬ್ಬರ್ ವಾಷರ್ ಇಟ್ಟೆ. ನನ್ನ ದೊಡ್ಡ ತಪ್ಪು ಇದೇ.

ಕ್ಯಾಮೆರಾದ ಅಡಿಯಲ್ಲಿರುವುದು ಕಾಲು ಇಂಚಿನ ತಿರುಪಿನ ರಂಧ್ರ, ಇಂಚಿಗೆ 20 ಸುತ್ತು. ಒಂದು ಸುತ್ತಿನಿಂದ ಮುಂದಿನದಕ್ಕೆ 1.27 ಮಿ.ಮೀ. ಅಂತರ. ನಾಲ್ಕೈದು ಮಿ.ಮೀ. ಆಳದ ರಂಧ್ರದಲ್ಲಿ ತಿರುಪು ಕಚ್ಚಿ ಹಿಡಿಯುವುದೇ ಮೂರು ನಾಲ್ಕು ಸುತ್ತುಗಳಿಂದ. ಎರಡು ಮಿ.ಮೀ. ದಪ್ಪದ ವಾಷರು ಅದರಲ್ಲಿ ಒಂದೂವರೆ ಸುತ್ತನ್ನು ಕಸಿದುಕೊಂಡಿತ್ತು. ಉಳಿದವು ದಿನವೂ ಬಿಚ್ಚಿ ಬಿಗಿದು ಸವೆಯುತ್ತಿದ್ದವು. ಆ ಎರಡು ಸುತ್ತುಗಳನ್ನು ನಂಬಿ ಗ್ರಿಪ್ಪಿನ ತಳಕ್ಕೆ ಪಟ್ಟಿ ಸಿಕ್ಕಿಸಿ, ಲೆನ್ಸು ಕೆಳಮುಖವಾಗಿ ತೂಗಾಡುವಂತೆ ಹೆಗಲಿಗೆ ಹಾಕಿಕೊಂಡು ತಿರುಗಿದೆ.

ದೋಣಿ ಬಣ್ಣದ ಕೊಕ್ಕರೆಗಳ ಗೂಡುಗಳಿದ್ದ ನಡುಗಡ್ಡೆಯೊಂದನ್ನು ಬಳಸಿ ತಿರುಗಿದಾಗ ನಾನೂ ದೇಹವನ್ನು ಹೊರಳಿಸಿದೆ. ಪಟ್ಟಿ ತಟ್ಟನೆ ಹಗುರವಾಯಿತು. ಗ್ರಿಪ್ ಪಟ್ಟಿಯಲ್ಲೇ ಉಳಿದು, ಕ್ಯಾಮೆರಾ ದೋಣಿಯ ತಳಕ್ಕೆ ಲೆನ್ಸ್ ಮುಂದಾಗಿ ಬಡಿಯಿತು. ಪಕ್ಕದಲ್ಲಿ ಒಂದು ಪುಟ್ಟ ಮಗು ಬರಿಗಾಲಲ್ಲಿ ಕುಳಿತಿತ್ತು. ಅದರ ಪಾದಕ್ಕೂ ಲೆನ್ಸಿಗೂ ಒಂದು ಗೇಣಿನ ಅಂತರವಿತ್ತೇನೋ. ಹಣ ಹೋದದ್ದಕ್ಕಿಂತ ಅದನ್ನು ನೆನೆದಾಗಲೇ ಇಂದಿಗೂ ಎದೆ ಝಲ್ಲೆನ್ನುತ್ತದೆ.

ಹೊರಗೆ ಸಣ್ಣ ತರಚು ಬಿಟ್ಟರೆ ಏನೂ ಕಾಣಲಿಲ್ಲ. ಮನೆಗೆ ಬಂದು ಚಿತ್ರಗಳನ್ನು ನೋಡಿದರೆ ಯಾವ ಲೆನ್ಸ್ ಹಾಕಿದರೂ ಎಡ ಅಂಚು ಮಸುಕು. ಮೌಂಟು ಒಂದು ಕಡೆಗೆ ವಾಲಿತ್ತು. ರಂಧ್ರದ ಸುತ್ತುಗಳು ಕಿತ್ತು ಬಂದಿದ್ದವು. ರಿಪೇರಿಗೆ ಹೇಳಿದ ಬೆಲೆಗೆ ಅದೇ ಮಾದರಿಯ ಬಳಸಿದ ಕ್ಯಾಮೆರಾ ಸಿಗುತ್ತಿತ್ತು. ಅದನ್ನೇ ಕೊಂಡೆ.

ಗ್ರಿಪ್ ಬೇಕೇ ಬೇಕೆನ್ನುವವರು ಅದನ್ನು ಬಿಗಿದ ಸ್ಥಿತಿಯಲ್ಲೇ ಬ್ಯಾಟರಿ ತೆಗೆದು ಹಾಕಿ ನೋಡಿ; ಕ್ಯಾಮೆರಾದ ಅಂಚಿಗೆ ಆತುಕೊಂಡು ತಿರುಗದಂತೆ ತಡೆಯುವ ತುಟಿ ಇದೆಯೇ ನೋಡಿ; ನಿಮ್ಮ ಅತಿ ದಪ್ಪನೆಯ ಲೆನ್ಸನ್ನು ಒಯ್ದು ಅಲ್ಲೇ ಹಾಕಿ ಉಂಗುರ ತಿರುಗಿಸಿ. ಎಲ್ಲಾದರೂ ತಾಗಿದರೆ ನಡುವೆ ಏನನ್ನೂ ತುರುಕಬೇಡಿ, ಆ ಗ್ರಿಪ್ ಬಿಟ್ಟುಬಿಡಿ. ಪಟ್ಟಿಗೆ ಕ್ಯಾಮೆರಾದ ಎರಡು ಬದಿಯ ಕೊಂಡಿಗಳಿವೆ. ಉದ್ದ ಲೆನ್ಸ್ ಹಾಕಿದ್ದಾಗ ಎಡಗೈ ಸದಾ ಲೆನ್ಸಿನ ಅಡಿಯಲ್ಲಿರಲಿ. ಹಕ್ಕಿಗಳೇ ಮುಖ್ಯವೆನಿಸಿದರೆ ವ್ಯೂಫೈಂಡರ್ ಮತ್ತು ಆಳವಾದ ಹಿಡಿತವಿರುವ ಕ್ಯಾಮೆರಾವನ್ನು ಒಂದು ದಿನ ಬಾಡಿಗೆಗೆ ಪಡೆದು ಪರೀಕ್ಷಿಸಿ.

ಈಗ ನನ್ನ ಚಿಕ್ಕ ಕ್ಯಾಮೆರಾಕ್ಕೆ ಗ್ರಿಪ್ ಇಲ್ಲ. ಹೆಚ್ಚಿನ ದಿನಗಳಲ್ಲಿ 12–32, ದೂರದ ದೃಶ್ಯಕ್ಕೆ 135 ಗ್ರಾಂ ತೂಕದ 35–100 ಮಿ.ಮೀ. ಜೂಮ್, ಎರಡನ್ನೂ ಬರಿಗೈ ಸಲೀಸಾಗಿ ಹಿಡಿಯುತ್ತದೆ. ಕೊಕ್ಕರೆಗಳು ಚಿತ್ರದಲ್ಲಿ ಚಿಕ್ಕದಾಗಿ, ಮರ ಮತ್ತು ಹೊಳೆಯ ಸಮೇತ ಬರುತ್ತವೆ.