ಕಾಶಿಯ 249 ರೂಪಾಯಿ ಹಾಸಿಗೆ: ಹಾಸ್ಟೆಲ್ ಬುಕ್ ಮಾಡುವ ಮುಂಚೆ ಓದಿ

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಅರ್ಧ ತಪ್ಪು ನನ್ನದೇ. 150 ರೂಪಾಯಿ ಉಳಿಸಲು ಹೋಗಿ ಸಿಕ್ಕಿಹಾಕಿಕೊಂಡೆ. ಆದರೆ ಅವರು ನನ್ನನ್ನು ಸಿಕ್ಕಿಸಿದ ರೀತಿ ಇದೆಯಲ್ಲ, ಅದಕ್ಕೆ ಯಾರು ಬೇಕಾದರೂ ಬೀಳಬಹುದು. ಕಡಿಮೆ ದುಡ್ಡಲ್ಲಿ ಊರು ಸುತ್ತುವವರು, ಅದರಲ್ಲೂ ಮೊದಲ ಸಲ ಡಾರ್ಮಿಟರಿ ಹುಡುಕುತ್ತಿರುವವರು ಓದಲಿ ಅಂತ ಬರೆಯುತ್ತಿದ್ದೇನೆ.

2024ರ ಡಿಸೆಂಬರ್. ಒಬ್ಬನೇ ಕಾಶಿಗೆ ಹೊರಟಿದ್ದೆ. ಹಾಸ್ಟೆಲ್‌ನಲ್ಲಿ ಇಳಿದುಕೊಳ್ಳುತ್ತೇನೆ ಅಂದಾಗ ಅಮ್ಮ, "ಬಿಸಿಎಂ ಹಾಸ್ಟೆಲ್ ಥರಾನಾ? ಈ ವಯಸ್ಸಲ್ಲಿ ನಿನ್ನ ಯಾರೋ ಸೇರಿಸ್ಕೋತಾರೆ?" ಅಂದರು. ನಗು ಬಂತು. ಒಂದು ರೂಮಿನಲ್ಲಿ ಆರೆಂಟು ಬಂಕ್ ಹಾಸಿಗೆ, ರೂಮಿಗಲ್ಲ, ಹಾಸಿಗೆಗೆ ಬಾಡಿಗೆ ಅಂತ ವಿವರಿಸಿದೆ. "ಅಂದ್ರೆ ಅದೇ ಅಲ್ವಾ" ಅಂದರು.

ಒಂದು ದೊಡ್ಡ ಆ್ಯಪ್‌ನಲ್ಲಿ ಬುಕ್ ಮಾಡಿದ್ದೆ. ಗೋದೌಲಿಯಾ ಹತ್ತಿರ, ಘಾಟಿಗೆ ಐದು ನಿಮಿಷ, ಆರು ಹಾಸಿಗೆಯ ಡಾರ್ಮ್, ರಾತ್ರಿಗೆ 299. ಮೂರು ರಾತ್ರಿಗೆ 897 ರೂಪಾಯಿ, ಹೋದ ಮೇಲೆ ಕೊಟ್ಟರೆ ಸಾಕು. ರೇಟಿಂಗ್ 4.6. ಫೋಟೋದಲ್ಲಿ ಗೋಡೆ ತುಂಬಾ ಚಿತ್ರ, ಟೆರೇಸಿನಲ್ಲಿ ಕೆಫೆ. ಇನ್ನೇನು ಬೇಕು?

ಹೊರಡುವ ಎರಡು ದಿನ ಮುಂಚೆ ಒಂದು ಫೋನ್ ಬಂತು. ಹಾಸ್ಟೆಲ್‌ನಿಂದಲೇ ಅಂದ. ನನ್ನ ಹೆಸರು, ತಾರೀಖು, ಎಷ್ಟು ರಾತ್ರಿ ಎಲ್ಲ ಸರಿಯಾಗಿ ಹೇಳಿದ. "ಭೈಯಾ, ಆ್ಯಪ್‌ನವರು ಕಮಿಷನ್ ಹೊಡೀತಾರೆ. ಅಲ್ಲಿ ಕ್ಯಾನ್ಸಲ್ ಮಾಡಿ, ನಮಗೆ ನೇರ ಕಳಿಸಿ, 249ಕ್ಕೆ ಕೊಡ್ತೀವಿ" ಅಂತ ಹಿಂದಿಯಲ್ಲಿ ಹೇಳಿದ. ನನಗೆ ಅದು ನ್ಯಾಯವಾಗಿಯೇ ಕಂಡಿತು. ಕಮಿಷನ್ ಇರುವುದು ನಿಜ ಅಲ್ವಾ? ಕ್ಯಾನ್ಸಲ್ ಮಾಡಿ, 747 ರೂಪಾಯಿಯನ್ನು ಯುಪಿಐನಲ್ಲಿ ಕಳಿಸಿಬಿಟ್ಟೆ. ಆ್ಯಪ್‌ನಲ್ಲಿ ನನ್ನ ಬುಕಿಂಗ್ ಇಲ್ಲ, ಕೈಯಲ್ಲಿ ದುಡ್ಡೂ ಇಲ್ಲ. ಇಷ್ಟಾದರೆ ಅವರಿಗೆ ಸಾಕು, ಮುಂದಿನದೆಲ್ಲ ಸಲೀಸು.

ಸಂಘಮಿತ್ರ ಎಕ್ಸ್‌ಪ್ರೆಸ್ ಮಂಜಿನಲ್ಲಿ ತೆವಳುತ್ತಾ ಮೊಘಲ್‌ಸರಾಯ್ ಸೇರುವಾಗ ರಾತ್ರಿ ಒಂಬತ್ತು ದಾಟಿತ್ತು. ಈಗ ಆ ಸ್ಟೇಷನ್ನಿನ ಹೆಸರು ದೀನದಯಾಳ್ ಉಪಾಧ್ಯಾಯ, ಆಟೋದವರು ಮಾತ್ರ ಇನ್ನೂ ಹಳೇ ಹೆಸರನ್ನೇ ಹೇಳುತ್ತಾರೆ. ಅಲ್ಲಿಂದ ಕಾಶಿಗೆ ಹದಿನೇಳು ಕಿಲೋಮೀಟರ್ ಆಸುಪಾಸು. ಗೋದೌಲಿಯಾ ಚೌಕದ ಹತ್ತಿರ ಆಟೋ ನಿಂತಿತು. ಅಲ್ಲಿಂದ ಒಳಗೆ ಗಲ್ಲಿಗಳು, ನಡೆದೇ ಹೋಗಬೇಕು. ಮ್ಯಾಪ್ ತೋರಿಸಿದ ಬಾಗಿಲು ಸಿಕ್ಕಿತು. ಒಬ್ಬ ಹುಡುಗ ಹೊರಗೆ ಬಂದು, ನನ್ನ ಮುಖ ನೋಡುತ್ತಿದ್ದಂತೆ ಹೇಳಿದ: "ವೋ ತೋ ಫುಲ್ ಹೈ. ಹಮಾರಾ ದೂಸ್ರಾ ಬ್ರಾಂಚ್ ಹೈ, ಚಲಿಯೇ." ಅಂದರೆ ಇಲ್ಲಿ ತುಂಬಿದೆ, ನಮ್ಮದೇ ಇನ್ನೊಂದು ಬ್ರಾಂಚ್ ಇದೆ, ನಡೀರಿ ಅಂತ.

ಹಗಲು ಹನ್ನೊಂದು ಗಂಟೆ ಆಗಿದ್ದರೆ "ದುಡ್ಡು ವಾಪಸ್ ಕೊಡು" ಅಂತ ಅಲ್ಲೇ ನಿಲ್ಲುತ್ತಿದ್ದೆ. ರಾತ್ರಿ ಹತ್ತೂವರೆ, ಎಂಟು ಡಿಗ್ರಿ ಚಳಿ ಇರಬಹುದು, ಎರಡು ರಾತ್ರಿ ಸ್ಲೀಪರ್‌ನಲ್ಲಿ ಬಂದ ಮೈ. ಅವನ ಹಿಂದೆ ನಡೆದೆ. ಈ ವ್ಯಾಪಾರ ನಡೆಯುವುದೇ ನಮ್ಮ ಈ ಸುಸ್ತಿನ ಮೇಲೆ. ಬ್ಯಾಗ್ ಹೊತ್ತು ನಿಂತವನು ಆ ಹೊತ್ತಲ್ಲಿ ಬೇರೆ ಜಾಗ ಹುಡುಕುವುದಿಲ್ಲ ಅಂತ ಅವರಿಗೆ ಚೆನ್ನಾಗಿ ಗೊತ್ತು.

ಹದಿನೈದು ನಿಮಿಷ ಗಲ್ಲಿ ಸುತ್ತಿಸಿ ಒಂದು ಹಳೇ ಮನೆಗೆ ಕರೆದುಕೊಂಡು ಹೋದ. ಬೋರ್ಡ್ ಇಲ್ಲ. ಮೇಜಿನ ಹಿಂದೆ ಕೂತವನು ಮೊದಲು ಕೇಳಿದ್ದು ಆಧಾರ್ ಕಾರ್ಡ್. ಜೆರಾಕ್ಸ್ ಕೊಟ್ಟೆ, ಬೇಡ ಅಂದ. ಒರಿಜಿನಲ್ ಬೇಕು, "ಪೊಲೀಸ್ ವೆರಿಫಿಕೇಶನ್", ಬೆಳಗ್ಗೆ ಕೊಡ್ತೀವಿ. ಕೊಟ್ಟೆ. ಅವನು ಡ್ರಾಯರ್ ಎಳೆದಾಗ ಒಳಗೆ ರಬ್ಬರ್ ಬ್ಯಾಂಡ್ ಹಾಕಿದ ಆಧಾರ್ ಕಾರ್ಡುಗಳ ಒಂದು ಕಟ್ಟು ಕಾಣಿಸಿತು, ಇಸ್ಪೀಟಿನ ಕಟ್ಟಿನ ಥರ. ನನ್ನದನ್ನೂ ಅದಕ್ಕೇ ಸಿಕ್ಕಿಸಿ ಬೀಗ ಹಾಕಿದ. ಆಮೇಲೆ ಬಿಲ್ ಶುರುವಾಯಿತು. ಜಿಎಸ್‌ಟಿ 18 ಪರ್ಸೆಂಟ್ ಅಂತ 135 ರೂಪಾಯಿ. ಲಾಕರ್‌ಗೆ 100. ರಜಾಯಿಗೆ ರಾತ್ರಿಗೆ 60. ಡಿಸೆಂಬರಿನ ಕಾಶಿಯಲ್ಲಿ ರಜಾಯಿ ಬೇಡ ಅನ್ನುವವರು ಯಾರು? ಮೊದಲ ರಾತ್ರಿಗೇ 295 ರೂಪಾಯಿ ಹೆಚ್ಚುವರಿ ಕೊಟ್ಟೆ.

ಜಿಎಸ್‌ಟಿ ವಿಷಯ ಆಮೇಲೆ ತಿಳಿದುಕೊಂಡೆ. ಆಗ 7,500 ರೂಪಾಯಿವರೆಗಿನ ರೂಮಿಗೆ ಇದ್ದದ್ದು 12 ಪರ್ಸೆಂಟ್, 2025ರ ಸೆಪ್ಟೆಂಬರ್ 22ರಿಂದ ಅದು 5 ಆಗಿದೆ. ಅದಿರಲಿ, ಜಿಎಸ್‌ಟಿ ನೋಂದಣಿಯೇ ಇಲ್ಲದವನು ಒಂದು ಪೈಸೆಯನ್ನೂ ಆ ಹೆಸರಲ್ಲಿ ವಸೂಲಿ ಮಾಡುವಂತಿಲ್ಲ. ಹದಿನೈದು ಅಕ್ಷರದ ಜಿಎಸ್‌ಟಿ ನಂಬರ್ ಇರುವ ಬಿಲ್ ಕೊಡಿ ಅಂತ ಕೇಳಿ ನೋಡಿ. ನನಗೆ ಕೊಟ್ಟಿದ್ದು ಲೈನ್ ಹಾಕಿದ ನೋಟ್‌ಬುಕ್ಕಿನ ಒಂದು ಚೂರು.

ಆರು ಹಾಸಿಗೆಯ ಡಾರ್ಮ್ ಅಂದಿದ್ದರಲ್ಲ, ಅದು ಟೆರೇಸಿನ ಮೇಲೆ ತಗಡು ಹೊದಿಸಿದ ಒಂದು ಹಾಲ್. ನೆಲದ ಮೇಲೆ ಹನ್ನೆರಡು ಹಾಸಿಗೆ. ಪುಣೆ ಕಡೆಯ ಇಬ್ಬರು ಹುಡುಗಿಯರು ಮೂಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು, ಮಡಿಲಲ್ಲಿ ಬ್ಯಾಗ್. ಅವರು ಬುಕ್ ಮಾಡಿದ್ದು ಹೆಣ್ಣುಮಕ್ಕಳ ಡಾರ್ಮ್. ಇಲ್ಲಿ ಎಲ್ಲರಿಗೂ ಇದೊಂದೇ ಹಾಲ್. ರಾತ್ರಿಯೆಲ್ಲ ಅವರು ಮಲಗಲೇ ಇಲ್ಲ. ಬಾಕಿ ಎಲ್ಲವನ್ನೂ ನಾನು ತಮಾಷೆ ಮಾಡಿ ಹೇಳಬಲ್ಲೆ, ಇದನ್ನು ಆಗುವುದಿಲ್ಲ.

ಹಾಸಿಗೆಗೆ ಬೆನ್ನು ಕೊಟ್ಟ ಅರ್ಧ ಗಂಟೆಗೆ ಕತ್ತು, ಮಣಿಕಟ್ಟು ಉರಿಯಲು ಶುರುವಾಯಿತು. ಮೊಬೈಲ್ ಟಾರ್ಚ್ ಹಾಕಿ ಹಾಸಿಗೆಯ ಮೂಲೆ ಎತ್ತಿದೆ. ಹೊಲಿಗೆಯ ಉದ್ದಕ್ಕೂ ಶಾಯಿ ಚಿಮುಕಿಸಿದ ಹಾಗೆ ಕಪ್ಪು ಚುಕ್ಕೆ. ಅದರ ಪಕ್ಕ ಎಳ್ಳಿನಷ್ಟು ದಪ್ಪದ್ದು ಒಂದು, ಬೆಳಕು ಬಿದ್ದದ್ದೇ ಹೊಲಿಗೆಯೊಳಗೆ ನುಗ್ಗಿತು. ತಿಗಣೆ. ಚಿಕ್ಕಂದಿನಲ್ಲಿ ಥಿಯೇಟರಿನ ಸೀಟಿನಲ್ಲಿ ಕಂಡ ಮೇಲೆ ಅದರ ಭೇಟಿ ಆಗಿರಲಿಲ್ಲ. ಈಗ ನಾನು ಎಲ್ಲಿ ಹೋದರೂ ಬ್ಯಾಗನ್ನು ಹಾಸಿಗೆ ಮೇಲೆ ಇಡುವುದಿಲ್ಲ. ದುಡ್ಡು ಕೊಡುವ ಮುಂಚೆ ಹಾಸಿಗೆಯ ಎರಡು ಮೂಲೆ ಎತ್ತಿ ಹೊಲಿಗೆ ನೋಡುತ್ತೇನೆ. ಯಾರು ಏನಂದುಕೊಂಡರೂ ಸರಿ.

ಹನ್ನೆರಡೂವರೆಗೆ ಕೆಳಗಿಳಿದು ಹೋಗುತ್ತೇನೆ ಅಂದೆ. ಹೋಗಿ ಅಂದ. ಕಾರ್ಡ್? ಡ್ರಾಯರ್ ಕೀಲಿ ಮಾಲೀಕರ ಹತ್ತಿರ ಇದೆ, ಅವರು ಬರುವುದು ಬೆಳಗ್ಗೆ ಹತ್ತಕ್ಕೆ. ಈಗಲೇ ಬೇಕಾದರೆ "ಅರ್ಲಿ ಚೆಕ್‌ಔಟ್" 500 ರೂಪಾಯಿ. ನನ್ನ ಕಣ್ಣೆದುರೇ ಬೀಗ ಹಾಕಿದ ಕೀಲಿ ಅದು! ಆಗ ನನಗೆ ಎಲ್ಲಿಂದ ಧೈರ್ಯ ಬಂತೋ ಗೊತ್ತಿಲ್ಲ, ಫೋನ್ ತೆಗೆದು ಪೊಲೀಸರ ತುರ್ತು ನಂಬರ್ 112 ಒತ್ತಿ ಅವನಿಗೆ ಸ್ಕ್ರೀನ್ ತೋರಿಸಿದೆ. ಕಾಲ್ ಬಟನ್ ಇನ್ನೂ ಒತ್ತಿರಲಿಲ್ಲ. ಮಾಲೀಕರ ಹತ್ತಿರವಿದ್ದ ಕೀಲಿ ಅವನ ಜಾಕೆಟ್ ಜೇಬಿನಿಂದಲೇ ಬಂತು. ಆ ಹುಡುಗಿಯರ ಕಾರ್ಡೂ ತೆಗೆಸಿಕೊಟ್ಟೆ. ಬೆಳಗಾಗುವವರೆಗೆ ಮೂವರೂ ಮೆಟ್ಟಿಲ ಮೇಲೆ ಕೂತಿದ್ದೆವು.

ಆಧಾರ್ ಬಗ್ಗೆ ಒಂದು ಮಾತು. ಉಳಿದುಕೊಳ್ಳುವವರ ಗುರುತಿನ ದಾಖಲೆ ನೋಡುವುದು, ಪ್ರತಿ ಇಟ್ಟುಕೊಳ್ಳುವುದು ಮಾಮೂಲಿ. ಒರಿಜಿನಲ್ ಒತ್ತೆ ಇಟ್ಟುಕೊಳ್ಳುವುದು ಯಾವ ಲೆಕ್ಕಕ್ಕೂ ಬರುವುದಿಲ್ಲ. ಆಧಾರ್ ಕೊಡುವ ಸಂಸ್ಥೆ ಯುಐಡಿಎಐ ವೆಬ್‌ಸೈಟಿನಲ್ಲಿ ಮಾಸ್ಕ್ಡ್ ಆಧಾರ್ ಸಿಗುತ್ತದೆ, ಅದರಲ್ಲಿ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುತ್ತದೆ. 2022ರ ಮೇ ತಿಂಗಳಲ್ಲಿ ಯುಐಡಿಎಐ ಬೆಂಗಳೂರು ಕಚೇರಿಯೇ ಆಧಾರ್ ಜೆರಾಕ್ಸ್ ಕಂಡಕಂಡಲ್ಲಿ ಕೊಡಬೇಡಿ ಅಂದಿತ್ತು. ಗಲಾಟೆಯಾಗಿ ಎರಡೇ ದಿನದಲ್ಲಿ ಅದನ್ನು ವಾಪಸ್ ಪಡೆದರು ಅನ್ನಿ. ನಾನಂತೂ ಈಗ ಮಾಸ್ಕ್ಡ್ ಪ್ರಿಂಟ್ ಎರಡು ಇಟ್ಟುಕೊಂಡೇ ಹೊರಡುವುದು.

ಬೆಳಕು ಹರಿದ ಮೇಲೆ ಗೋದೌಲಿಯಾಕ್ಕೆ ವಾಪಸ್ ಬಂದರೆ, ಅಲ್ಲೇ ಹತ್ತಿರದಲ್ಲಿ ವೀರಶೈವರ ಜಂಗಮವಾಡಿ ಮಠ! ಪಿತೃಗಳ ಹೆಸರಿನಲ್ಲಿ ಇಟ್ಟ ಸಾವಿರಾರು ಲಿಂಗಗಳಿರುವ ಮಠ. ಬಾಗಿಲಲ್ಲಿ ಬಿಜಾಪುರ ಕಡೆಯ ಅಜ್ಜಿಯೊಬ್ಬರು "ಯಾವ ಊರೋ ತಮ್ಮಾ, ಚಾ ಕುಡದಿಯೇನು?" ಅಂದಾಗ ಅಳುವುದೊಂದು ಬಾಕಿ. ಉಳಿದ ರಾತ್ರಿಗಳನ್ನು ಅಲ್ಲೇ ಕಳೆದೆ. ಹನುಮಾನ್ ಘಾಟಿನ ಹತ್ತಿರ ಕರ್ನಾಟಕ ಘಾಟ್ ಅಂತಲೇ ಇದೆ, ಮೈಸೂರು ಸಂಸ್ಥಾನದ ಕಾಲದ ಛತ್ರವೂ ಇದೆ. ಇಷ್ಟೆಲ್ಲ ಇಟ್ಟುಕೊಂಡು ನಾನು ಗೋಡೆಯ ಚಿತ್ರ ನೋಡಿ ಬುಕ್ ಮಾಡಿದ್ದೆ.

ಹಾಗಂತ ಹಾಸ್ಟೆಲ್‌ಗಳೆಲ್ಲ ಹೀಗೇ ಅಂತಲ್ಲ. ಗೋಕರ್ಣದಲ್ಲಿ, ಹಂಪಿಯಲ್ಲಿ ಒಳ್ಳೆಯ ಡಾರ್ಮ್‌ಗಳಲ್ಲಿ ಉಳಿದಿದ್ದೇನೆ. ಈಗ ಒಂದೇ ನಿಯಮ: ತಡವಾಗಿ ತಲುಪುವ ದಿನ ಅಗ್ಗದ ಪ್ರಯೋಗ ಮಾಡುವುದಿಲ್ಲ. ಮೊದಲ ರಾತ್ರಿಗೆ ರೈಲ್ವೆ ರಿಟೈರಿಂಗ್ ರೂಮ್ ನೋಡುತ್ತೇನೆ. ಕನ್ಫರ್ಮ್ ಅಥವಾ ಆರ್‌ಎಸಿ ಟಿಕೆಟ್ ಇದ್ದರೆ ಪಿಎನ್‌ಆರ್ ಹಾಕಿ ಐಆರ್‌ಸಿಟಿಸಿಯಲ್ಲಿ ಬುಕ್ ಮಾಡಬಹುದು, ಕೆಲವು ಸ್ಟೇಷನ್‌ಗಳಲ್ಲಿ ಡಾರ್ಮಿಟರಿಯೂ ಇರುತ್ತದೆ. ಹಾಸ್ಟೆಲ್ ಹುಡುಕಾಟ ಮರುದಿನ ಹಗಲಲ್ಲಿ, ಕಣ್ಣಾರೆ ನೋಡಿ.

ದುಡ್ಡಿನ ಕಥೆ ಹೇಳಬೇಕಲ್ಲ. ಆ್ಯಪ್‌ನವರು, "ನೀವೇ ಕ್ಯಾನ್ಸಲ್ ಮಾಡಿದ್ದೀರಿ, ನಮಗೆ ಸಂಬಂಧವಿಲ್ಲ" ಅಂದರು. ಅವರ ಕಡೆಯಿಂದ ಅದು ಸರಿಯೇ. ಅದಕ್ಕೇ ಹೇಳುವುದು, ಕ್ಯಾನ್ಸಲ್ ಮಾಡಿ ನೇರ ಕಳಿಸಿ ಅಂತ ಯಾರೇ ಫೋನ್ ಮಾಡಲಿ, ಇಟ್ಟುಬಿಡಿ. ಮ್ಯಾಪ್‌ನಲ್ಲಿ ಕಾಣುವ ನಂಬರನ್ನೂ ನಂಬಬೇಡಿ, ಅದನ್ನು ತಿದ್ದಲು ಯಾರು ಬೇಕಾದರೂ ಸಲಹೆ ಕಳಿಸಬಹುದು. ಯಾತ್ರಾಸ್ಥಳಗಳ ಗೆಸ್ಟ್‌ಹೌಸ್ ಹೆಸರಿನ ನಕಲಿ ಬುಕಿಂಗ್ ಬಗ್ಗೆ ಕೇಂದ್ರ ಗೃಹ ಇಲಾಖೆಯ ಸೈಬರ್ ಅಪರಾಧ ಕೇಂದ್ರವೇ 2025ರ ಏಪ್ರಿಲ್‌ನಲ್ಲಿ ಎಚ್ಚರಿಸಿತ್ತು. ದುಡ್ಡು ಕಳಿಸಿದ ಮೇಲೆ ಫೋನೇ ಎತ್ತದಿದ್ದರೆ ಕಾಯಬೇಡಿ, ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಮಾಡಿ. ನನ್ನ ಹಾಗೆ ಹಾಸಿಗೆ ಕೊಟ್ಟು ಬೋಳಿಸಿದರೆ ಗ್ರಾಹಕ ಸಹಾಯವಾಣಿ 1915.

ವಾಪಸ್ ಬಂದಾಗ ಅಮ್ಮ ಬ್ಯಾಗನ್ನು ಒಳಗೆ ಬಿಡಲಿಲ್ಲ. ಬಟ್ಟೆಯೆಲ್ಲ ಕುದಿಯುವ ನೀರಿಗೆ, ಬ್ಯಾಗ್ ಒಂದು ವಾರ ಟೆರೇಸಿನ ಬಿಸಿಲಿಗೆ. ನಾನು ನಡೆದದ್ದನ್ನೆಲ್ಲ ಬರೆದು ಆ ಜಾಗಕ್ಕೆ ಒಂದು ಸ್ಟಾರ್ ಕೊಟ್ಟೆ. ಹಳೇ ರಿವ್ಯೂಗಳನ್ನು ಹೊಸದು ಮೊದಲು ಬರುವ ಹಾಗೆ ಜೋಡಿಸಿ ನೋಡಿದರೆ ನನ್ನ ಮುಂಚೆಯೇ ಮೂವರು ಇದೇ "ದೂಸ್ರಾ ಬ್ರಾಂಚ್" ಕಥೆ ಬರೆದಿದ್ದರು, ನಡುವೆ ಒಂದೇ ವಾರದಲ್ಲಿ ಬಿದ್ದ ಇಪ್ಪತ್ತು ಐದು-ಸ್ಟಾರ್‌ಗಳ ಕೆಳಗೆ ಮುಚ್ಚಿಹೋಗಿದ್ದವು. ಮರುದಿನ ನನ್ನ ರಿವ್ಯೂಗೆ ಹಾಸ್ಟೆಲ್‌ನಿಂದ ಉತ್ತರ ಬಂತು: "ನಿಮ್ಮ ಪ್ರೀತಿಗೆ ಧನ್ಯವಾದ, ಮತ್ತೆ ಬನ್ನಿ."