ತೈಪೆಯಲ್ಲಿ ಒಂಬತ್ತು ತಿಂಗಳ ಚೀನೀ ಕಲಿಕೆ: ಎರಡು ವರ್ಷಗಳ ನಂತರ ಬರೆದ ವಿಮರ್ಶೆ

ತೈವಾನಿನ ಸಿಂಚು ನಗರದ ಚಿಪ್ ವಿನ್ಯಾಸಕಾರರೊಡನೆ ಬೆಂಗಳೂರಿನಿಂದ ದಿನವೂ ಮಾತನಾಡಬೇಕಾದ ಉದ್ಯೋಗ ನನ್ನದು. ಆ ಕಾರಣಕ್ಕೇ ದೀರ್ಘ ರಜೆ ಪಡೆದು, ತೈಪೆಯ ಒಂದು ಭಾಷಾ ಕೇಂದ್ರದಲ್ಲಿ ಒಂಬತ್ತು ತಿಂಗಳು ಮ್ಯಾಂಡರಿನ್ ಕಲಿತು ಬಂದೆ. ಮರಳಿದ ವಾರದಲ್ಲೇ ಬರೆದಿದ್ದರೆ ಈ ವಿಮರ್ಶೆ ಬರಿಯ ಹೊಗಳಿಕೆಯಾಗುತ್ತಿತ್ತು. ಕಲಿತದ್ದರಲ್ಲಿ ಉಳಿದದ್ದೆಷ್ಟು, ಸೋರಿಹೋದದ್ದೆಷ್ಟು ಎಂಬುದು ಎರಡು ವರ್ಷ ಕಳೆದ ಮೇಲೆ ಈಗ ಸ್ಪಷ್ಟವಾಗಿದೆ. ಕೇಂದ್ರದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. 1956ರಲ್ಲಿ ಆರಂಭವಾದ ತೈವಾನ್ ನಾರ್ಮಲ್ ವಿಶ್ವವಿದ್ಯಾಲಯದ ಹೆಸರಾಂತ ಕೇಂದ್ರ ಅದಲ್ಲ ಎಂದಷ್ಟೇ ಹೇಳುತ್ತೇನೆ.

ಆವರಣದೊಳಗೆ ಚೀನೀ ಹೊರತು ಬೇರೆ ಭಾಷೆಯನ್ನಾಡುವುದಿಲ್ಲ ಎಂಬ ಕಾಗದಕ್ಕೆ ಮೊದಲ ದಿನವೇ ನಮ್ಮಿಂದ ಸಹಿ ಪಡೆದರು. ಆ ಕಾಗದವೂ, ಅದರ ಬೆನ್ನಿಗೆ ನಡೆದ ಎರಡು ಗಂಟೆಗಳ ವಿವರಣೆಯೂ ಇಂಗ್ಲಿಷಿನಲ್ಲಿದ್ದವು. ಬೆಂಗಳೂರಿನಲ್ಲಿ ಆರು ತಿಂಗಳು ಸಂಜೆ ತರಗತಿಗೆ ಹೋಗಿದ್ದ ನಾನು ಬರಹದ ಪರೀಕ್ಷೆಯಲ್ಲಿ ಎರಡನೆಯ ಹಂತಕ್ಕೆ ಅರ್ಹತೆ ಪಡೆದೆ. ಐದು ನಿಮಿಷ ನನ್ನನ್ನು ಮಾತನಾಡಿಸಿದ ಉಪಾಧ್ಯಾಯಿನಿ ಮಾತ್ರ ಮೊದಲ ಹಂತದಿಂದಲೇ ಆರಂಭಿಸಬೇಕೆಂದರು. ಆಗ ಅದು ಅವಮಾನವೆನಿಸಿತ್ತು. ಕೊಟ್ಟ ಹಣಕ್ಕೆ ದೊರೆತ ಅತಿ ದೊಡ್ಡ ಪ್ರತಿಫಲ ಅದೇ ಎಂದು ಈಗ ಅನಿಸುತ್ತದೆ.

ದಿನಕ್ಕೆ ಮೂರು ಗಂಟೆ, ವಾರಕ್ಕೆ ಐದು ದಿನದ ಪಾಠ. ಮೊದಲ ಹತ್ತು ತರಗತಿಗಳಲ್ಲಿ ಉಚ್ಚಾರಣೆಯ ಹೊರತು ಬೇರೇನೂ ನಡೆಯಲಿಲ್ಲ. ಲಾವೋಷಿ (ಉಪಾಧ್ಯಾಯರನ್ನು ಅಲ್ಲಿ ಹೀಗೆಯೇ ಕರೆಯಬೇಕು) ನಮ್ಮ ತುಟಿಯ ಮುಂದೆ ತೆಳು ಕಾಗದದ ಚೂರನ್ನು ಹಿಡಿದು, ಒಂದು ಧ್ವನಿಗೆ ಅದು ಅಲುಗಬಾರದು, ಇನ್ನೊಂದಕ್ಕೆ ಹಾರಬೇಕು ಎನ್ನುತ್ತಿದ್ದರು. ರೋಮನ್ ಲಿಪಿಯ ಪಿನ್‌ಯಿನ್ ಪದ್ಧತಿಯಲ್ಲಿ ಬಿ ಎಂದು ಬರೆಯುವುದು ನಮ್ಮ ಬ ಅಲ್ಲ, ಪ. ಪಿ ಎಂದು ಬರೆಯುವುದು ಮಹಾಪ್ರಾಣದ ಫ, ಅದೂ ಇಂಗ್ಲಿಷಿನ ಎಫ್ ಆಗಿ ಕೆಡದ ಹಳೆಯ ಫ. ಡಿ ಮತ್ತು ಟಿ ಹಾಗೆಯೇ ತ ಮತ್ತು ಥ. ಜಿ ಮತ್ತು ಕೆ ಎಂದರೆ ಕ ಮತ್ತು ಖ. ಆರು ತಿಂಗಳಿಂದ ಇಂಗ್ಲಿಷ್ ಅಕ್ಷರಗಳನ್ನು ನಂಬಿ ನಾನು ತಪ್ಪಾಗಿ ನುಡಿಯುತ್ತಿದ್ದೆನೆಂಬುದು ಮೂರನೆಯ ದಿನ ಹೊಳೆಯಿತು. ಅಂದಿನಿಂದ ಟಿಪ್ಪಣಿಯನ್ನು ಕನ್ನಡ ಲಿಪಿಯಲ್ಲಿ ಬರೆಯತೊಡಗಿದೆ.

ಅಷ್ಟೇ ಅಲ್ಲ. ಪಕ್ಕದಲ್ಲಿ ಕುಳಿತಿದ್ದವರು ವಾರವಿಡೀ ಒದ್ದಾಡಿದ ಮೂರು ಧ್ವನಿಗಳು ನಮ್ಮ ಶ, ಷ, ಸಗಳಿಗೆ ಬಹಳ ಹತ್ತಿರದವು. ಶಾಲೆಯಲ್ಲಿ ಶ ಮತ್ತು ಷಗಳ ಭೇದಕ್ಕಾಗಿ ತಿಂದ ಬೈಗುಳ ತೈಪೆಯಲ್ಲಿ ಉಪಯೋಗಕ್ಕೆ ಬಂದೀತೆಂದು ಯಾರು ಊಹಿಸಿದ್ದರು! ತೈವಾನಿನ ಮಕ್ಕಳು ಕಲಿಯುವ ಬೋಪೋಮೋಫೋ ಎಂಬ 37 ಚಿಹ್ನೆಗಳ ಮಾಲೆಯೂ ತುಟಿ, ಹಲ್ಲು, ಗಂಟಲು ಎಂದು ಉಚ್ಚಾರಣೆಯ ಸ್ಥಾನಗಳಿಗೆ ಅನುಸಾರವಾಗಿ ಗುಂಪುಗೂಡಿರುವುದರಿಂದ, ವರ್ಣಮಾಲೆ ಬಾಯಿಪಾಠವಿರುವವರಿಗೆ ಅದು ಪರಕೀಯವೆನಿಸುವುದಿಲ್ಲ. ಕೇಂದ್ರವು ಅದನ್ನು ಐಚ್ಛಿಕವಾಗಿಟ್ಟಿತ್ತು. ಕನ್ನಡಿಗರು ಅದನ್ನೇ ಆರಿಸಿಕೊಳ್ಳುವುದು ಮೇಲು.

ಸ್ವರದ (ಚೀನೀಯಲ್ಲಿ ಪದದ ಅರ್ಥವನ್ನೇ ಬದಲಿಸುವ ದನಿಯ ಏರಿಳಿತದ) ವಿಷಯದಲ್ಲಿ ಮಾತ್ರ ಕನ್ನಡ ಕೈ ಹಿಡಿಯಲಿಲ್ಲ, ಕೈ ಕೊಟ್ಟಿತು. ಪ್ರಶ್ನೆ ಕೇಳುವಾಗ ವಾಕ್ಯದ ಕೊನೆಯನ್ನು ಏರಿಸುವ ನನ್ನ ಅಭ್ಯಾಸದಿಂದ ಕೊನೆಯ ಪದದ ಸ್ವರವೇ ಬದಲಾಗುತ್ತಿತ್ತು. ಮೂರನೆಯ ಸ್ವರದಲ್ಲಿ ಕೊಳ್ಳುವುದು ಎಂಬ ಅರ್ಥವಿರುವ 'ಮಾಯ್' ನಾಲ್ಕನೆಯ ಸ್ವರದಲ್ಲಿ ಮಾರುವುದಾಗುತ್ತದೆ. ನಮ್ಮ 'ಬಂದೆಯಾ' ಎಂಬುದರ 'ಆ'ದಂತೆ ಅವರಲ್ಲಿಯೂ ವಾಕ್ಯದ ಕೊನೆಗೆ 'ಮಾ' ಸೇರಿಸಿದರೆ ಸಾಕು, ಪದಗಳ ಕ್ರಮ ಕದಲುವುದಿಲ್ಲ ಎಂಬುದೊಂದೇ ಸಮಾಧಾನ. ತರಗತಿಯಲ್ಲಿ ಶುದ್ಧವಾಗಿ ಕೇಳಿಸುತ್ತಿದ್ದ ಷಕಾರ ಮಾರುಕಟ್ಟೆಯಲ್ಲಿ ಬಹುಪಾಲು ಸಕಾರವಾಗಿರುತ್ತಿತ್ತು. ಅಲ್ಲಿ 14 (ಷಿಸಿ) ಮತ್ತು 40ರ (ಸಿಷಿ) ನಡುವೆ ಉಳಿಯುವುದು ಸ್ವರದ ಏರಿಳಿತವೊಂದೇ. ನಲವತ್ತು ತೈವಾನ್ ಡಾಲರಿನ ಸೀಬೆಕಾಯಿಗೆ ಹದಿನಾಲ್ಕು ಎಣಿಸಿ ಕೊಟ್ಟು ನಿಂತಿದ್ದ ನನ್ನನ್ನು ನೋಡಿ ಅಂಗಡಿಯಾಕೆ ನಕ್ಕು, ಬೆರಳು ಮಡಿಚಿ ತೋರಿಸಿದರು.

ದೂರು ಇರುವುದು ವಸತಿಯ ಬಗ್ಗೆ. ಚೀನೀ ಮಾತನಾಡುವ ಕುಟುಂಬದೊಡನೆ ವಾಸ ಎಂದು ಹೇಳಿ ಹೆಚ್ಚಿನ ಹಣ ಪಡೆದಿದ್ದರು. ಮನೆಯೊಡತಿ ಸಜ್ಜನರೇ, ಆದರೆ ತಮ್ಮ ತಾಯಿಯೊಡನೆ ಅವರು ಆಡುತ್ತಿದ್ದುದು ಹೊಕ್ಕಿಯನ್ (ತೈವಾನಿನಲ್ಲಿ ಬಳಕೆಯಲ್ಲಿರುವ, ಮ್ಯಾಂಡರಿನ್ ಅಲ್ಲದ ಇನ್ನೊಂದು ಚೀನೀ ನುಡಿ), ನನ್ನೊಡನೆ ಇಂಗ್ಲಿಷ್. ಮೆಟ್ರೋ ರೈಲಿನಲ್ಲಿ ನಿಲ್ದಾಣದ ಹೆಸರುಗಳನ್ನು ಮ್ಯಾಂಡರಿನ್, ಹೊಕ್ಕಿಯನ್, ಹಕ್ಕಾ, ಇಂಗ್ಲಿಷ್ ಎಂದು ನಾಲ್ಕು ಭಾಷೆಗಳಲ್ಲಿ ಸಾರುವ ಊರಿನಲ್ಲಿ ಇದನ್ನು ನಾನೇ ಊಹಿಸಬೇಕಿತ್ತೇನೋ. ಹಣ ಪಡೆದವರು ಮೊದಲೇ ತಿಳಿಸಬಹುದಿತ್ತು ಎಂಬುದೂ ನಿಜ. ಎರಡು ಬಾರಿ ಬರೆದು ಕೇಳಿದರೂ ಕಚೇರಿಯಿಂದ ಉತ್ತರ ಬರಲಿಲ್ಲ. ಕೊನೆಗೆ ಮಾತಿನ ಅಭ್ಯಾಸ ನಡೆದದ್ದು ತಟ್ಟೆಯ ತೂಕಕ್ಕೆ ಬೆಲೆ ಹಾಕುವ, ಬಾಗಿಲಲ್ಲಿ ಸ್ವಸ್ತಿಕದ ಗುರುತಿರುವ ಸಸ್ಯಾಹಾರಿ ಊಟದ ಅಂಗಡಿಯಲ್ಲಿ. ಈರುಳ್ಳಿ, ಬೆಳ್ಳುಳ್ಳಿ ಹಾಕದ ಬೌದ್ಧರ ಅಡುಗೆ. ಉಡುಪಿಯ ಕಡೆಯವನಾದ ನನಗೆ ಅದು ಹೊಸತಲ್ಲ. ಮೊಟ್ಟೆ ತಿನ್ನುತ್ತೀರಾ, ಹಾಲು ನಡೆಯುತ್ತದೆಯೇ ಎಂಬ ಅಂಗಡಿಯೊಡತಿಯ ಪ್ರಶ್ನೆಗಳಿಗೆ ಉತ್ತರಿಸುತ್ತಲೇ ನಾಲಿಗೆ ಸಡಿಲವಾಯಿತು.

ಈಗ ಉಳಿದಿರುವುದೇನು? ಕೈಬರಹ ಬಹುಮಟ್ಟಿಗೆ ಹೋಯಿತು. ತೈವಾನ್ ಎಂಬುದರ 'ವಾನ್' ಅಕ್ಷರಕ್ಕೆ ಸಾಂಪ್ರದಾಯಿಕ ರೂಪದಲ್ಲಿ 25 ಗೆರೆಗಳು. ಪ್ರತಿದಿನದ ಉಕ್ತಲೇಖನದಲ್ಲಿ ತಪ್ಪಿಲ್ಲದೆ ಬರೆಯುತ್ತಿದ್ದ ಅದನ್ನು ಇಂದು ಪರದೆಯ ಮೇಲೆ ಗುರುತಿಸಬಲ್ಲೆನೇ ಹೊರತು ಬರೆಯಲಾರೆ. ಪತ್ರಿಕೆಗಳ ಸಂಪಾದಕೀಯ ಓದಿಸಿದ ಕೊನೆಯ ಮೂರು ತಿಂಗಳ ಫಲವೂ ಅಷ್ಟಕ್ಕಷ್ಟೇ. ಉಚ್ಚಾರಣೆ ಮಾತ್ರ ಕೆಟ್ಟಿಲ್ಲ: ನನ್ನ ಶಬ್ದಭಂಡಾರ ಬಡವಾದರೂ, ಆಡಿದ್ದನ್ನು ಸಿಂಚುವಿನವರು ಮತ್ತೊಮ್ಮೆ ಹೇಳೆನ್ನುವುದಿಲ್ಲ.

ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ. ಕನ್ನಡಿಗರು ಇಂಥ ಕೇಂದ್ರಕ್ಕೆ ಸೇರುವುದಾದರೆ ಆರು ತಿಂಗಳಿಗೆ ಮಾತ್ರ ಶುಲ್ಕ ಕಟ್ಟುವುದು, ವಸತಿಯನ್ನು ತಾವೇ ಹುಡುಕಿಕೊಳ್ಳುವುದು, ಮತ್ತು ಉಚ್ಚಾರಣೆಗೆ ಎಷ್ಟು ತರಗತಿಗಳನ್ನು ಮೀಸಲಿಟ್ಟಿದ್ದಾರೆಂದು ಮೊದಲೇ ಲಿಖಿತವಾಗಿ ಕೇಳಿಕೊಳ್ಳುವುದು ಒಳ್ಳೆಯದು.