ರೋಲರ್ ಮೇಲೆ ಸುತ್ತು ಕೆತ್ತನೆ ಮಾಡುವವರೇ, ನನ್ನ 31 ಬಾಟಲಿಗಳ ಕಥೆ ಓದಿ

ಚಕ್ ಬಿಟ್ಟು ರೋಲರ್ ಹಿಡಿದಿರುವ ಲೇಸರ್ ಕೆಲಸದವರಿಗೆ ಮೊದಲೇ ಹೇಳಿಬಿಡುತ್ತೇನೆ. ಲೇಸರ್ ಕೆಳಗೆ ಬಾಟಲಿಯನ್ನು ಚಕ್ ಒಂದು ತುದಿಯಲ್ಲಿ ಕಚ್ಚಿ ಹಿಡಿದು ತಿರುಗಿಸುತ್ತದೆ, ರೋಲರ್ ತನ್ನ ಮೇಲೆ ಮಲಗಿಸಿಕೊಂಡು ಉರುಳಿಸುತ್ತದೆ. ಚಕ್ಕಿನಲ್ಲಿ ವ್ಯಾಸವನ್ನು ತಪ್ಪಾಗಿ ಕೊಟ್ಟರೂ ವಿನ್ಯಾಸದ ಎರಡು ತುದಿಗಳು ಬಂದು ಕೂಡುತ್ತವೆ. ರೋಲರ್‌ನಲ್ಲಿ ಕೂಡುವುದಿಲ್ಲ. ಇಷ್ಟು ತಿಳಿಯದೆ ಕಳೆದ ಮೇ ತಿಂಗಳಲ್ಲಿ ಒಂದು ಮದುವೆ ಮನೆಯ 31 ಸ್ಟೀಲ್ ಬಾಟಲಿಗಳನ್ನು ಕೆಡಿಸಿದೆ. ಮದುವೆಗೆ ಉಳಿದಿದ್ದದ್ದು ನಾಲ್ಕೇ ದಿನ.

ಶಿವಮೊಗ್ಗದ ದುರ್ಗಿಗುಡಿಯಲ್ಲಿ ನನ್ನದೊಂದು ಚಿಕ್ಕ ಕೆತ್ತನೆ ಅಂಗಡಿ. 60 ವ್ಯಾಟಿನ ಒಂದು ಸಿಒ2 ಲೇಸರ್ ಯಂತ್ರವಿದೆ. ಸಾಗರ ತಾಲ್ಲೂಕಿನ ಒಂದು ದೀವರ ಕುಟುಂಬದವರು ಮಗಳ ಮದುವೆಗೆ ಬರುವ ನೆಂಟರಿಗೆ ಕೊಡಲು 75 ಬಾಟಲಿ ಬೇಕೆಂದು ಬಂದರು. ಪ್ರತಿ ಬಾಟಲಿಯ ಸುತ್ತ ಹಸೆ ಚಿತ್ತಾರದ ಅಂಚು ಬರಬೇಕು. ಅವರ ಕಡೆ ಮದುವೆಯೆಂದರೆ ಗೋಡೆಗೆ ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನ ಬಿಳುಪಿನಲ್ಲಿ ಪುಂಡಿ ನಾರಿನ ಕುಂಚದಿಂದ ಹಸೆ ಬರೆಯುವುದು. ಅದೇ ಕೆಮ್ಮಣ್ಣಿನ ಬಣ್ಣದ ಪೌಡರ್ ಕೋಟಿಂಗ್ ಇರುವ ಬಾಟಲಿಗಳನ್ನು ಆರಿಸಿದೆವು. ಲೇಸರ್ ಆ ಬಣ್ಣವನ್ನು ಸುಟ್ಟು ತೆಗೆದಾಗ ಕೆಳಗಿನ ಸ್ಟೀಲು ಬಿಳಿ ಎಳೆಯಂತೆ ಹೊಳೆಯುತ್ತದೆ. ಮೊದಲ ಮಾದರಿಯನ್ನು ಕೈಯಲ್ಲಿ ಹಿಡಿದಾಗ, ಇಷ್ಟು ವರ್ಷದಲ್ಲಿ ಮಾಡಿದ ಕೆಲಸಗಳಲ್ಲೆಲ್ಲ ಇದೇ ಚೆಂದ ಎನಿಸಿತು.

ಅಂಚಿನಲ್ಲಿ ಒಂದೇ ಆಕೃತಿ 24 ಬಾರಿ ಬರುತ್ತದೆ. ವರ್ನಿಯರ್ ಹಿಡಿದು ಬಾಟಲಿಯ ವ್ಯಾಸ ಅಳೆದೆ, 73 ಮಿಲಿಮೀಟರ್. ಅದನ್ನು 3.1416ರಿಂದ ಗುಣಿಸಿದರೆ ಸುತ್ತಳತೆ 229.3. ಅದನ್ನು 24 ಭಾಗ ಮಾಡಿ ವಿನ್ಯಾಸ ಹೊಂದಿಸಿದೆ. ಮೊದಲ ಬಾಟಲಿಯಲ್ಲಿ ಆರಂಭದ ಎಳೆಯೂ ಕೊನೆಯ ಎಳೆಯೂ ಕೂದಲೆಳೆಯಷ್ಟೂ ಅಂತರವಿಲ್ಲದೆ ಕೂಡಿದವು. ಇನ್ನೇನು ಚಿಂತೆ ಎಂದು ಕೆಲಸ ಓಡಿಸಿದೆ. ತುದಿಗಳು ಕೂಡುವ ಜಾಗ ಬಾಟಲಿಯ ಹಿಂಬದಿಗೆ ಬರುವಂತೆ ಇಟ್ಟಿದ್ದರಿಂದ, ಯಂತ್ರದಿಂದ ತೆಗೆದು ಮುಂಭಾಗ ಒರೆಸಿ ನೋಡಿ ಡಬ್ಬಿಗೆ ಹಾಕುತ್ತಾ ಹೋದೆ. ಪ್ರತಿ ಬಾಟಲಿಯನ್ನು ಒಂದು ಸುತ್ತು ತಿರುಗಿಸಿ ನೋಡಲು ಐದು ಸೆಕೆಂಡ್ ಬೇಕಿತ್ತು. ಆ ಐದು ಸೆಕೆಂಡ್ ಕೊಡಲಿಲ್ಲ.

71 ಬಾಟಲಿ ಮುಗಿದ ದಿನ ಮದುಮಗಳ ಅಜ್ಜಿ ಮೊಮ್ಮಗನ ಜೊತೆ ಅಂಗಡಿಗೆ ಬಂದರು. ಆ ಮನೆಯಲ್ಲಿ ಹಸೆ ಬರೆಯುವವರು ಅವರೇ. ಮೇಲಿದ್ದ ಡಬ್ಬಿಯಿಂದ ಒಂದು ಬಾಟಲಿ ತೆಗೆದುಕೊಂಡು ಅಂಚಿನ ಮೇಲೆ ಬೆರಳಾಡಿಸುತ್ತಾ ನಿಧಾನವಾಗಿ ತಿರುಗಿಸಿದರು. ಹಿಂಬದಿಗೆ ಬಂದಾಗ ಬೆರಳು ನಿಂತಿತು.

"ತಮ್ಮಾ, ಇಲ್ಲಿ ಎಳೆ ಕೂಡಿಲ್ಲವಲ್ಲ. ಒಂದರ ಮೇಲೊಂದು ಹತ್ತಿದೆ."

ಹೌದು. ಕೊನೆಯ ಆಕೃತಿ ಮೊದಲನೆಯದರ ಮೇಲೆ ಹೆಚ್ಚುಕಡಿಮೆ 2 ಮಿಲಿಮೀಟರ್ ಏರಿ ಕುಳಿತಿತ್ತು. ಒಂದಿದ್ದ ಕಡೆ ಎರಡು ಗೆರೆ, ನಡುವಿನ ಕೆಂಪು ಮಾಯ. ಎಲ್ಲ ಡಬ್ಬಿಗಳನ್ನೂ ಬಿಚ್ಚಿದೆ. ಮೊದಲ 40 ಸರಿಯಾಗಿದ್ದವು, ಆಮೇಲಿನ 31 ಎಲ್ಲವೂ ಹಾಗೆಯೇ. ಸುಟ್ಟುಹೋದ ಬಣ್ಣವನ್ನು ಮತ್ತೆ ಹಚ್ಚುವಂತಿಲ್ಲ. ಅಜ್ಜಿ ಬೈಯಲಿಲ್ಲ. "ಗೋಡೆಯಾಗಿದ್ದರೆ ಒರೆಸಿ ಬರೆಯಬಹುದಿತ್ತು" ಎಂದಷ್ಟೇ ಹೇಳಿ ಬಾಟಲಿಯನ್ನು ಮೇಜಿನ ಮೇಲಿಟ್ಟರು. ಆ ಮಾತು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಬಾಟಲಿ ಜಾರುತ್ತಿರಬೇಕು ಎಂಬುದು ನನ್ನ ಮೊದಲ ಊಹೆ. ಆ ರಾತ್ರಿಯಿಡೀ ರೋಲರ್‌ನ ರಬ್ಬರ್ ಉಂಗುರಗಳನ್ನು ತೊಳೆದೆ, ಬದಲಿಸಿದೆ, ವೇಗ ತಗ್ಗಿಸಿದೆ. ದೋಷ ಕದಲಲಿಲ್ಲ, ಪ್ರತಿ ಸಲವೂ ಅಷ್ಟೇ 2 ಮಿಲಿಮೀಟರ್. ಅಲ್ಲೇ ನನಗೆ ಹೊಳೆಯಬೇಕಿತ್ತು. ಜಾರಿಕೆಯ ದೋಷ ಒಂದೊಂದು ಸಲ ಒಂದೊಂದು ಥರ ಇರುತ್ತದೆ. ಪ್ರತಿ ಸಲವೂ ಒಂದೇ ಅಳತೆಯಲ್ಲಿ ತಪ್ಪುತ್ತಿದ್ದರೆ ತಪ್ಪು ಇರುವುದು ನಾವು ಕೊಟ್ಟ ಅಂಕಿಯಲ್ಲಿ. ಬೆಳಿಗ್ಗೆ ಹಾಳಾದ ಬಾಟಲಿಯೊಂದಕ್ಕೆ ವರ್ನಿಯರ್ ಹಿಡಿದೆ: 72.4. ಬಾಟಲಿ ಮಾರಿದ ಅಂಗಡಿಯವರು ಕೊಟ್ಟ 75ರಲ್ಲಿ ಎರಡು ಬೇರೆ ಬೇರೆ ಲಾಟ್‌ಗಳ ಮಾಲು ಸೇರಿತ್ತು. ಕಣ್ಣಿಗೆ ಎರಡೂ ಒಂದೇ. ವ್ಯಾಸದಲ್ಲಿ 0.6 ಮಿಲಿಮೀಟರ್ ವ್ಯತ್ಯಾಸವಾದರೆ ಸುತ್ತಳತೆಯಲ್ಲಿ 1.9 ಮಿಲಿಮೀಟರ್ ಆಗುತ್ತದೆ.

ಹಾಗಾದರೆ ಇಷ್ಟು ವರ್ಷ ಯಾಕೆ ಇಂಥದ್ದು ಆಗಿರಲಿಲ್ಲ? ಆವರೆಗೆ ನಾನು ಚಕ್ ಬಳಸುತ್ತಿದ್ದೆ. ಚಕ್ ವಸ್ತುವನ್ನು ಕಚ್ಚಿ ಹಿಡಿದು ತಿರುಗಿಸುತ್ತದೆ, ಅದು ಎಣಿಸುವುದು ಕೋನವನ್ನು. ವ್ಯಾಸ 73 ಎಂದು ಹೇಳಿ 229.3 ಉದ್ದದ ವಿನ್ಯಾಸ ಕೊಟ್ಟರೆ ಅದು ಸರಿಯಾಗಿ 360 ಡಿಗ್ರಿ ತಿರುಗುತ್ತದೆ. ಕೈಯಲ್ಲಿರುವ ಬಾಟಲಿ 72.4 ಇದ್ದರೂ ಅದೇ 360. ಆಕೃತಿಗಳು ಕೂದಲಷ್ಟು ಕಿರಿದಾಗುತ್ತವೆ, ಯಾರ ಕಣ್ಣಿಗೂ ಬೀಳುವುದಿಲ್ಲ, ಎಳೆ ಮಾತ್ರ ಕೂಡುತ್ತದೆ. ನನ್ನ ಒರಟು ಅಳತೆಗಳನ್ನು ಚಕ್ ಮುಚ್ಚಿಡುತ್ತಿತ್ತು, ನಾನು ಅದನ್ನು ನನ್ನ ಕೈಗುಣ ಎಂದುಕೊಂಡಿದ್ದೆ. ಈ ಬಾಟಲಿಗಳ ಬಾಯಿ ಅಗಲವಾಗಿದ್ದು ಚಕ್ಕಿನ ದವಡೆಗೆ ಸಿಗದ ಕಾರಣ ರೋಲರ್ ತರಿಸಿದ್ದೆ. ರೋಲರ್ ಎಣಿಸುವುದು ಉದ್ದವನ್ನು. 229.3 ಮಿಲಿಮೀಟರ್ ಉರುಳಿಸು ಎಂದರೆ ಬಾಟಲಿಯ ಮೈಯನ್ನು ಅಷ್ಟೇ ಉರುಳಿಸುತ್ತದೆ, ಸುತ್ತು ಮುಗಿಯಿತೋ ದಾಟಿತೋ ಅದಕ್ಕೆ ಗೊತ್ತಿಲ್ಲ. ವಸ್ತುವಿನ ವ್ಯಾಸ ಎಂದು ತಂತ್ರಾಂಶದಲ್ಲಿ ನೀವು ತುಂಬುವ ಅಂಕಿ ರೋಲರ್‌ನ ಓಟವನ್ನು ಬದಲಿಸುವುದಿಲ್ಲ. ಬದಲಿಸುವುದು ರೋಲರ್‌ನ ಸ್ವಂತ ವ್ಯಾಸ. ಅದರ ರಬ್ಬರ್ ಸವೆದು ನೂರಕ್ಕೆ ಒಂದು ಪಾಲು ಕಿರಿದಾದರೂ ಇಂಥ ಬಾಟಲಿಯಲ್ಲಿ 2.3 ಮಿಲಿಮೀಟರ್ ತಪ್ಪುತ್ತದೆ.

ಈಗ ನಾನು ವ್ಯಾಸ ಅಳೆದು ಗುಣಿಸುವುದನ್ನೇ ಬಿಟ್ಟಿದ್ದೇನೆ. ತೆಳು ಕಾಗದದ ಪಟ್ಟಿಯನ್ನು ಬಾಟಲಿಗೆ ಬಿಗಿಯಾಗಿ ಸುತ್ತಿ, ಒಂದರ ಮೇಲೊಂದು ಬಂದ ಕಡೆ ಬ್ಲೇಡಿನಿಂದ ಎರಡೂ ಪದರವನ್ನು ಒಟ್ಟಿಗೆ ಸೀಳುತ್ತೇನೆ. ಬಿಡಿಸಿ ಸ್ಟೀಲ್ ಸ್ಕೇಲಿನ ಮೇಲೆ ಹರಡಿದರೆ ಸುತ್ತಳತೆಯೇ ಸಿಗುತ್ತದೆ. ಕಾಗದದ ದಪ್ಪಕ್ಕಾಗಿ 0.3 ಮಿಲಿಮೀಟರ್ ಕಳೆಯಿರಿ. ಬಟ್ಟೆ ಅಳೆಯುವ ಟೇಪ್ ಬೇಡ, ಅದು ಹಿಗ್ಗುತ್ತದೆ. ಆಮೇಲೆ ಲೇಸರ್ ಹಚ್ಚದೆ, ಬಾಟಲಿಗೆ ಒಂದು ಗುರುತು ಮಾಡಿ, ಆ ಸುತ್ತಳತೆಯ ಲೆಕ್ಕದಲ್ಲಿ ಹತ್ತು ಸುತ್ತು ಉರುಳಿಸಿ, ಗುರುತು ಮೊದಲ ಜಾಗಕ್ಕೇ ಬಂತೇ ಎಂದು ನೋಡುತ್ತೇನೆ. ಒಂದು ಸುತ್ತಿನಲ್ಲಿ ಕಣ್ಣಿಗೆ ಕಾಣದ 0.2 ಮಿಲಿಮೀಟರ್ ತಪ್ಪು ಹತ್ತು ಸುತ್ತಿನಲ್ಲಿ 2 ಮಿಲಿಮೀಟರ್ ಆಗಿ ಎದುರಿಗೆ ನಿಲ್ಲುತ್ತದೆ. ಇದನ್ನು ದಯವಿಟ್ಟು ಪ್ರತಿ ಲಾಟ್‌ಗೂ ಮಾಡಿ, ಸಾಧ್ಯವಾದರೆ ಪ್ರತಿ ಬಾಟಲಿಗೂ ಪಟ್ಟಿ ಸುತ್ತಿ. ಮೊದಲ ಬಾಟಲಿ ಸರಿಬಂತು ಎಂಬುದು ಎರಡನೆಯದಕ್ಕೆ ಸಾಕ್ಷಿಯಲ್ಲ.

ಜಾರಿಕೆಯೂ ಸುಳ್ಳಲ್ಲ. ಖಾಲಿ ಬಾಟಲಿ ಹಗುರ, ನಮ್ಮ ಮಲೆನಾಡಿನ ತೇವಕ್ಕೆ ಅದರ ಮೈ ಮೇಲೆ ಬೇಗ ಪಸೆ ಕೂರುತ್ತದೆ. ಒಳಗೆ ಮರಳಿನ ಚೀಲ ಇಟ್ಟು ತೂಕ ಕೊಡಿ. ಗೆರೆಗಳನ್ನು ಒಂದೊಂದಾಗಿ ಎಳೆಸಿದರೆ ಬಾಟಲಿ ಹಿಂದಕ್ಕೂ ಮುಂದಕ್ಕೂ ಉರುಳಿ ಪ್ರತಿ ತಿರುವಿನಲ್ಲೂ ಚೂರು ಚೂರು ಜಾರುತ್ತದೆ. ಲೇಸರ್ ಬಾಟಲಿಯ ಉದ್ದಕ್ಕೆ ಓಡಾಡಿ, ಬಾಟಲಿ ಒಂದೇ ದಿಕ್ಕಿಗೆ ಸಣ್ಣ ಸಣ್ಣ ಹೆಜ್ಜೆಯಲ್ಲಿ ಸರಿಯುವ ಹಾಗೆ ಕೆತ್ತಿಸಿ. ಮೇಲೆ ಅಗಲ, ಕೆಳಗೆ ಕಿರಿದಾದ ಲೋಟಗಳನ್ನಂತೂ ರೋಲರ್ ಮೇಲೆ ಇಡಲೇಬೇಡಿ. ಎರಡು ತುದಿಯ ಸುತ್ತಳತೆ ಬೇರೆಯಾದ್ದರಿಂದ ಅದು ಉರುಳುತ್ತಾ ಪಕ್ಕಕ್ಕೆ ನಡೆಯುತ್ತದೆ. ಅಂಥದ್ದಕ್ಕೆ ಚಕ್ಕೇ ಸರಿ. ನಡುವೆ ಕರೆಂಟ್ ಹೋದರೆ ಮೋಟರ್ ಹಿಡಿತ ಬಿಡುತ್ತದೆ, ಬಾಟಲಿ ಅಲುಗುತ್ತದೆ, ಮತ್ತೆ ಅದೇ ಜಾಗ ಸಿಗುವುದಿಲ್ಲ. ಹಾಗಾಗಿ ಯುಪಿಎಸ್ ಇಲ್ಲದೆ ಸುತ್ತು ಕೆಲಸ ಒಪ್ಪಿಕೊಳ್ಳಬೇಡಿ. ಇನ್ನೊಂದು, ಇದು ಜೀವಕ್ಕೆ ಸಂಬಂಧಿಸಿದ್ದು: ಪಿವಿಸಿ ಹೊದಿಕೆಯ ಬಾಟಲಿ ಯಾರಾದರೂ ತಂದರೆ ವಾಪಸ್ ಕಳಿಸಿ. ಅದು ಸುಟ್ಟಾಗ ಹೊರಡುವ ಹೈಡ್ರೋಜನ್ ಕ್ಲೋರೈಡ್ ಶ್ವಾಸಕೋಶವನ್ನೂ ಯಂತ್ರವನ್ನೂ ತಿನ್ನುತ್ತದೆ.

ಆ 31 ಬಾಟಲಿಗಳನ್ನು ತಲಾ 420 ರೂಪಾಯಿಯಂತೆ ನನ್ನ ಕೈಯಿಂದಲೇ ಮತ್ತೆ ಕೊಂಡೆ, 13,020 ರೂಪಾಯಿ. ಹೊಸದಾಗಿ ತಂದವಕ್ಕೂ ಉಳಿದಿದ್ದ ನಾಲ್ಕಕ್ಕೂ ಒಂದೊಂದಾಗಿ ಪಟ್ಟಿ ಸುತ್ತಿ ಎರಡು ಗುಂಪು ಮಾಡಿದೆ, ಎರಡಕ್ಕೂ ಬೇರೆ ಬೇರೆ ಅಳತೆಯ ವಿನ್ಯಾಸ. ಮದುವೆಯ ಹಿಂದಿನ ಸಂಜೆ ಬಸ್ಸಿನಲ್ಲಿ ನಾನೇ ಒಯ್ದು ಕೊಟ್ಟೆ. ಅಜ್ಜಿ ಗೋಡೆಯ ಮುಂದೆ ಕುಳಿತು ಹಸೆ ಮುಗಿಸುತ್ತಿದ್ದರು. ಕುಂಚ ಕೆಳಗಿಟ್ಟು, ನಾಲ್ಕೈದು ಬಾಟಲಿ ತಿರುಗಿಸಿ ನೋಡಿ, ಒಳಗೆ ಇಡಿ ಎಂದರು.

ಅದೇ ಮನೆಯವರು ಈಗ ಹಲಸಿನ ಮರದ ಕುಂಕುಮ ಭರಣಿಗಳಿಗೆ ಇದೇ ಅಂಚು ಕೇಳಿದ್ದಾರೆ. ಕಡೆದ ಮರ ಒಣಗುವಾಗ, ತೇವ ಹೀರುವಾಗ ಎಲ್ಲ ದಿಕ್ಕಿಗೂ ಸಮನಾಗಿ ಕುಗ್ಗುವುದಿಲ್ಲ, ಹಿಗ್ಗುವುದೂ ಇಲ್ಲ. ವರ್ಷದ ಉಂಗುರಗಳ ಜಾಡಿನಲ್ಲಿ ಆಗುವ ಬದಲಾವಣೆ ತಿರುಳಿನಿಂದ ತೊಗಟೆಯ ಕಡೆಗೆ ಆಗುವುದಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು. ದುಂಡಗಿದ್ದ ಭರಣಿ ಮೊಟ್ಟೆಯಾಕಾರಕ್ಕೆ ತಿರುಗುವುದು ಹೀಗೆ. ಜೂನ್‌ನಲ್ಲಿ ಅಳೆದ ಸುತ್ತಳತೆ ಜನವರಿಗೆ ಇರುವುದಿಲ್ಲ. ಮಳೆಗಾಲ ಕಳೆದು ಮರ ಒಣಗಿದ ಮೇಲೆ ಪಟ್ಟಿ ಸುತ್ತಿ ನೋಡಿ ಮಾಡಿಕೊಡುತ್ತೇನೆ ಎಂದು ಅವರಿಗೆ ಹೇಳಿದ್ದೇನೆ.